ಅರ್ಧ ಲೀಟರ್

ಗೊರೂರಿನ ಹಿನ್ನೀರಿನಲ್ಲಿ ನಮ್ಮ ಸಂಘದ್ದು ಒಂದೇ ದೋಣಿ.
ಹಲಸಿನ ಹಲಗೆಯದು, ಹಿಂದೆ ಸಣ್ಣ ಮೋಟಾರು.
ಸಂಜೆ ಬಲೆಯವರನ್ನು ಬಿಟ್ಟುಬಂದು, ಕೋಳಿ ಕೂಗುವ ಮುಂಚೆ
ಮೀನಿನ ಪೆಟ್ಟಿಗೆ ತುಂಬಿ ತರುವವನು ಚೌರಪ್ಪ.
ಲೆಕ್ಕ ಬರೆಯುವವನು ನಾನು.

ಸಂಕ್ರಾಂತಿಯಲ್ಲಿ ದಿನಕ್ಕೆ ಎರಡು ಲೀಟರ್.
ಶಿವರಾತ್ರಿಗೆ ಎರಡೂ ಕಾಲು.
ಯುಗಾದಿ ಹೊತ್ತಿಗೆ ಎರಡೂವರೆ.
ಹೊರೆ ಅದೇ. ದಾರಿ ಅದೇ,
ನೀರಿಳಿದು ತುಸು ಗಿಡ್ಡವೇ ಆಗಿತ್ತು.
ಅರ್ಧ ಲೀಟರ್ ಎಲ್ಲಿ ಹೋಯಿತು?

ಕೇಳಿದೆ. ಬೀಡಿ ಆರಿಸಿ,
"ದೋಣಿ ಭಾರ ಆಗೈತೆ ಸಾರ್,
ಯಾರೋ ತಳ ಹಿಡ್ಕೊಂಡು ಎಳ್ದಂಗಾಯ್ತದೆ" ಅಂದ.
ನಾನು ನಕ್ಕೆ.
ಲೆಕ್ಕದವರಿಗೆ ಮಾತ್ರ ಬರುವ ಒಂದು ನಗುವಿದೆ,
ಕನ್ನಡಕ ಸರಿಮಾಡಿಕೊಳ್ಳುತ್ತಾ ನಗುವಂಥದ್ದು.
ಅವನ ಬಾಮೈದ ಹೊಸ ಮೊಪೆಡ್ಡು ಕೊಂಡದ್ದು ನೆನಪಾಯಿತು.
ಸಂಬಳದಲ್ಲಿ ಹಿಡಿದೆ, ಮೂರು ತಿಂಗಳು,
ಕೆಂಪು ಶಾಯಿಯಲ್ಲಿ: ಸೋರಿಕೆ ಬಾಬ್ತು.
ಅವನು ಓದಿದ. ಸಹಿ ಹಾಕಿದ,
ನಿಧಾನವಾಗಿ, ಕೊನೆಯ ಅಕ್ಷರದ ಒತ್ತನ್ನೂ ಬಿಡದೆ.

ಮೇ ತಿಂಗಳಲ್ಲಿ ದೋಣಿಯನ್ನು ದಡಕ್ಕೆಳೆದೆವು.
ಆರು ಜನ, ನೀಲಗಿರಿಯ ನಾಲ್ಕು ದುಂಡುಮರ, ಒಂದು ಹಗ್ಗ.
ಮಗುಚಿದಾಗ
ಯಾರೂ ಮಾತಾಡಲಿಲ್ಲ.

ಮೇಲೆ ಹಳದಿ ಬಣ್ಣ, ಸಂಘದ ಹೆಸರು, ನೋಂದಣಿ ಸಂಖ್ಯೆ.
ಕೆಳಗೆ ಗಡ್ಡ.
ಬೆರಳುದ್ದ ಹಸಿರು, ಅದರ ಬುಡದಲ್ಲಿ ಕಂದು ಲೋಳೆ,
ಲೋಳೆಯೊಳಗೆ ಎಳ್ಳುಕಾಳಿನಷ್ಟಷ್ಟೇ ಬಸವನಹುಳು,
ಸಬ್ಬಕ್ಕಿ ಪಾಯಸದ ಹಾಗೆ ಅವುಗಳ ಮೊಟ್ಟೆ.
ಮೋಟಾರಿನ ಬುಡದಲ್ಲಿ ಒಂದು ಸೀಗಡಿ ಮರಿ
ನೀರು ಯಾವ ಕಡೆ ಹೋಯಿತೆಂದು ತಿಳಿಯದೆ
ಚಿಟ್ ಚಿಟ್ ಎಂದು ಹಾರುತ್ತಿತ್ತು.
ಒಂದು ಊರೇ ಇತ್ತು ಅಲ್ಲಿ,
ತಿಂಗಳಿಗೆ ಹದಿನೈದು ಲೀಟರ್ ಕುಡಿಯುವ ಊರು.
ನನ್ನ ಪುಸ್ತಕದಲ್ಲಿ ಅದಕ್ಕೊಂದು ಕಾಲಂ ಇರಲಿಲ್ಲ.

ಚೌರಪ್ಪ "ನೋಡಿದ್ರಾ" ಅನ್ನಲಿಲ್ಲ.
ಅಂದಿದ್ದರೆ ಚೆನ್ನಾಗಿತ್ತು.
ಒಂದು ತೆಂಗಿನ ಚಿಪ್ಪನ್ನು ನನ್ನ ಕೈಗಿಟ್ಟು
"ಹಸಿ ಇರೋವಾಗ್ಲೇ ಕೆರೀಬೇಕು ಸಾರ್, ಒಣಗಿದ್ರೆ ಕಲ್ಲು" ಅಂದ.
ಕೆರೆದೆ. ಪ್ಯಾಂಟು ಮೊಣಕಾಲಿಗೆ ಮಡಚಿ,
ಮಧ್ಯಾಹ್ನದ ಊಟ ಮರೆತು ಕೆರೆದೆ.
ಉಗುರ ಸಂದಿಗೆ ಹೊಕ್ಕ ವಾಸನೆ ಮೂರು ದಿನ ಇತ್ತು.
ಹೆಂಡತಿ ತಟ್ಟೆಯನ್ನು ದೂರದಿಂದಲೇ ತಳ್ಳಿದಳು.

ಹಾಸನದ ಅಂಗಡಿಯವನು ತಾಮ್ರದ ಬಣ್ಣ ತೋರಿಸಿದ್ದ,
ಸಮುದ್ರದ ಹಡಗಿಗೆ ಬಳಿಯುವಂಥದ್ದು, ಹುಳ ಸುಳಿಯುವುದಿಲ್ಲವಂತೆ.
ಚೌರಪ್ಪ ಡಬ್ಬಿ ಮೂಸಿ ಹಿಂದಕ್ಕಿಟ್ಟಿದ್ದ:
"ಹುಳ ಸಾಯೋ ನೀರ್ನಲ್ಲಿ ಮೀನೇನ್ ಮದ್ವೆ ಮಾಡ್ಕತದಾ?
ನಾಳೆ ನಲ್ಲೀಲಿ ಬರೋದೂ ಅದೇಯ."
ಕೊನೆಗೆ ಮಂಗಳೂರಿನ ಮೀನು ಲಾರಿಯಲ್ಲಿ ಬಂತು
ಗೇರುಬೀಜದ ಸಿಪ್ಪೆಯ ಎಣ್ಣೆ, ಹಳೆಯ ರಮ್ಮಿನ ಬಾಟಲಿಗಳಲ್ಲಿ.

ಮೊದಲು ಉಪ್ಪುಕಾಗದದ ಉಜ್ಜು, ಒರಟಿನಿಂದ ನುಣುಪಿಗೆ.
"ಕೈಗೆ ಗೊತ್ತಾಗಕಿಲ್ಲ, ಕೆನ್ನೆ ತಾಗಿಸಿ ನೋಡಿ."
ತಾಗಿಸಿದೆ.
ದೋಣಿಯ ಹೊಟ್ಟೆ ಬಿಸಿಲಿಗೆ ಬೆಚ್ಚಗಿತ್ತು.
ಆಮೇಲೆ ಮೂರು ಕೈ ಎಣ್ಣೆ. ಕೈಗೂ ಕೈಗೂ ನಡುವೆ
ಎರಡು ಹಗಲು ಸುಮ್ಮನೆ ಒಣಗಲು ಬಿಡಬೇಕು.
ಆ ಹಗಲುಗಳಲ್ಲಿ ನಾನು ಒಂದು ಮಾತು ಹುಡುಕುತ್ತಿದ್ದೆ.
ಎಣ್ಣೆ ಸಿಡಿದ ಮುಂಗೈಯಲ್ಲಿ ಬೊಬ್ಬೆ ಎದ್ದಿತು,
ಮಾತು ಏಳಲಿಲ್ಲ.

ನೀರಿಗೆ ಬಿಟ್ಟ ಬೆಳಿಗ್ಗೆ ದೋಣಿ
ಎಣ್ಣೆ ಸವರಿದ ಕಾವಲಿಯ ಮೇಲೆ ದೋಸೆ ಸರಿದ ಹಾಗೆ ಸರಿಯಿತು.
ಅವನು ಮೋಟಾರು ಎಳೆಯುವ ಮೊದಲೇ ಎರಡಾಳು ದೂರ.
ದಿನಕ್ಕೆ ಎರಡು ಲೀಟರ್, ಒಂದು ಲೋಟ ಕಮ್ಮಿಯೇ.

ಹಿಡಿದ ದುಡ್ಡು ಹಿಂದಕ್ಕೆ ಕೊಟ್ಟೆ.
ನನ್ನೆದುರೇ ಎಣಿಸಿದ, ಎರಡು ಸಲ.
ಸಹಿ ಹಾಕಿದ, ಒತ್ತು ಸಮೇತ.

ಕೆಂಪು ಶಾಯಿಯ ಆ ಮೂರು ಸಾಲು ಹಾಗೇ ಇವೆ.
ಪುಸ್ತಕದಲ್ಲಿ ಕೆರೆಯುವ ಹಾಗಿಲ್ಲ,
ಆಡಿಟ್‌ನವರು ಒಪ್ಪುವುದಿಲ್ಲ.